ರೆಕ್ಕೆಯ ಕನ್ನಡಿ

"ಚಕ್ರ ನೋಡಿದೆ," ಎಂದುಬಿಟ್ಟ ಎಲಿಸಿಯೊ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಬಿದ್ದದ್ದು ಅವನಿಗೇ ಅನುಮಾನ ತಂದಿತು.

ವಿಚಾರಣೆಗೆ ಬಂದಿದ್ದ ಅಧಿಕಾರಿ ಬರೆದುಕೊಂಡ. ಕಲಮಾನ್ಸಿ ನಿಂಬೆಯ ಶರಬತ್ತಿನ ಲೋಟ ಮುಂದಕ್ಕೆ ಸರಿಸಿದ. ಇಷ್ಟೊಂದು ಮರ್ಯಾದೆ ಯಾಕೆ? ಈ ಅಧಿಕಾರಿಗೆ ಗೊತ್ತಾಗಿರಬೇಕು.

ನೆಲದಲ್ಲೂ ನೀರಿನಲ್ಲೂ ಇಳಿಯುವ ಪುಟ್ಟ ವಿಮಾನ. ಕೊರೊನ್ ಊರಿನ ರನ್‌ವೇ ಬಿಟ್ಟು ಹತ್ತೇ ನಿಮಿಷಕ್ಕೆ ಕೊಲ್ಲಿಯಲ್ಲಿ ಇಳಿಯಬೇಕಿತ್ತು. ನೀರಿಗಿಳಿಯುವಾಗ ಚಕ್ರ ಮಡಚಿರಬೇಕು. ಮಡಚಿರಲಿಲ್ಲ. ನೀರು ಚಕ್ರಗಳನ್ನು ಹಿಡಿದು ವಿಮಾನವನ್ನೇ ಮಗುಚಿಹಾಕಿತು. ಕ್ಯಾಪ್ಟನ್ ಮಕಾರಿಯೊ ಬೆಲ್ಟ್ ಬಿಚ್ಚಲಾಗದೆ ಮುಳುಗಿದ. ಪಕ್ಕದ ಸೀಟಿನ ಸಹಪೈಲಟ್ ಎಲಿಸಿಯೊ ಬದುಕಿದ.

ಚಕ್ರ ಮಡಚುವ ಲಿವರ್ ಎಳೆಯುವುದು ಕ್ಯಾಪ್ಟನ್ ಕೆಲಸ. ರೆಕ್ಕೆಗೆ ಕೂರಿಸಿದ ಕನ್ನಡಿಯಲ್ಲಿ ಚಕ್ರ ನೋಡಿ ಹೇಳುವುದು ಇವನ ಕೆಲಸ. "ಚಕ್ರ?" ಎಂದು ಅವನು ಕೇಳಿದ್ದ. "ಮಡಚಿದೆ," ಎಂದಿದ್ದ ಇವನು. ಆರು ವರ್ಷದಿಂದ, ದಿನಕ್ಕೆ ಎಂಟು ಸಲ, ಇಗರ್ಜಿಯಲ್ಲಿ ಪಾದ್ರಿಗೆ ಜನ ಉತ್ತರ ಕೊಟ್ಟ ಹಾಗೆ.

ಕನ್ನಡಿ ಚೆನ್ನಾಗಿ ನೆನಪಿದೆ. ಮಡಚಿದ ಚಕ್ರ, ಕೆಳಗೆ ಹಸಿರು ನೀರು. ಆದರೆ ಅದು ಆ ದಿನದ್ದೋ, ಹಿಂದಿನ ದಿನದ್ದೋ?

"ಹಾಗಾದ್ರೆ ನೀವು ನೋಡಿದ್ಮೇಲೆ ಕ್ಯಾಪ್ಟನ್ನೇ ಚಕ್ರಾನ ಮತ್ತೆ ಇಳಿಸಿರ್ಬೇಕು," ಎಂದ ಅಧಿಕಾರಿ.

ಎಲಿಸಿಯೊ ಇಲ್ಲ ಎನ್ನಲಿಲ್ಲ. ಅಷ್ಟೇ ಸಾಕಾಯಿತು. ತಪ್ಪು ಸತ್ತವನ ತಲೆಗೆ ಬಿತ್ತು. ನಾಚಿಕೆಯಾಯಿತು, ಶರಬತ್ತನ್ನು ಕುಡಿದು ಮುಗಿಸಿದ.

ಸಂಜೆ ಮಕಾರಿಯೊನ ಮನೆಯಲ್ಲಿ ಶವಪೆಟ್ಟಿಗೆಯ ಸುತ್ತ ಜನ ಕೂತಿದ್ದರು. ಶವ ಕಾಯುವವರ ರೂಢಿಯಂತೆ ಅಂಗಳದಲ್ಲಿ ಇಸ್ಪೀಟು ನಡೆದಿತ್ತು. ನಿನ್ನ ಆಯಸ್ಸು ಗಟ್ಟಿ ಎಂದು ಒಬ್ಬ ಬೆನ್ನು ತಟ್ಟಿದ. ತಟ್ಟಿದ್ದು ಸ್ವಲ್ಪ ಜೋರಾಗಿಯೇ ಇತ್ತು ಎನ್ನಿಸಿತು.

ಮಕಾರಿಯೊನ ಹೆಂಡತಿ ಪೆರ್ಲಿಟಾ ಎಲಿಸಿಯೊನ ತಟ್ಟೆಗೆ ಶಾವಿಗೆ ಬಡಿಸುತ್ತ ಪಿಸುದನಿಯಲ್ಲಿ ಕೇಳಿದಳು. "ಕೊನೇಲಿ ಅವರು ಏನಾದ್ರೂ ಹೇಳಿದ್ರೇನಪ್ಪ?"

"ನಿಮ್ಮ ಹೆಸರು ಹೇಳಿದ್ರು, ಅಕ್ಕ."

ಅವಳ ಕೈ ನಿಂತಿತು. "ನನ್ನ ಹೆಸರಾ? ಇಪ್ಪತ್ತೆರಡು ವರ್ಷದಲ್ಲಿ ಒಂದ್ಸಲಾನೂ ಹೆಸರು ಹಿಡಿದು ಕರ್ದೋರಲ್ಲ."

ಅವನ ಮುಖವನ್ನೇ ನೋಡಿದಳು. ಆಮೇಲೆ, "ಇನ್ನೊಂಚೂರು ಹಾಕ್ಲಾ?" ಎಂದಳು.

ಸಾವಿನ ಮನೆಯಿಂದ ನೇರ ಮನೆಗೆ ಹೋಗಬಾರದು, ಸತ್ತವನು ಹಿಂದೆಯೇ ಬರುತ್ತಾನೆ. ನಡುವೆ ಎಲ್ಲಾದರೂ ನಿಲ್ಲಬೇಕು. ಎಲಿಸಿಯೊ ಬ್ರೆಡ್ಡಿನ ಅಂಗಡಿಯಲ್ಲಿ ನಿಂತ. ಸಾಲದೆನ್ನಿಸಿ ಸಿಗರೇಟಿನ ಅಂಗಡಿಯಲ್ಲಿ ನಿಂತ. ಅದೂ ಸಾಲದೆ ದಡಕ್ಕೆ ಬಂದ.

ಎಳೆದುತಂದ ವಿಮಾನ ಮರಳಿನ ಮೇಲೆ ಅಂಗಾತ ಬಿದ್ದಿತ್ತು. ನಾಲ್ಕೂ ಚಕ್ರಗಳು ಬಾನಿನತ್ತ ಚಾಚಿದ್ದವು. ಅವುಗಳಲ್ಲೊಂದು ಗಾಳಿಗೆ ನಿಧಾನವಾಗಿ ತಿರುಗುತ್ತಿತ್ತು, ಅಲ್ಲೆಲ್ಲೋ ಮೇಲೆ ಇಳಿಯಲು ನೆಲವಿದೆಯೆಂದು ಯಾರೋ ನೋಡದೆಯೇ ಹೇಳಿದ್ದನ್ನು ನಂಬಿಕೊಂಡು.