ರೇವಪ್ಪನ ಹೆಸರಿನ ಪೂಜೆ

ಮುಂದಿನ ಬೆಂಚಿನ ಹೆಂಗಸಿನ ಮುಡಿಯಿಂದ ಮಲ್ಲಿಗೆಯ ಪರಿಮಳ ಬರುತ್ತಿದೆ, ನಿನ್ನೆಯ ಹೂವು, ಬಾಳೆಲೆಯಲ್ಲಿ ಸುತ್ತಿ ಇಟ್ಟದ್ದು, ಅಂಚು ಕಂದಿದೆ, ಆದರೂ ಶಂಕರಪುರದ್ದೇ, ಜೆರ್ಟ್ರೂಡಳ ಮೂಗಿಗೆ ಅದು ತಿಳಿಯದೆ ಇರುತ್ತದೆಯೇ, ಮದುವೆಗೆ ಮುಂಚೆ ತವರಿನ ಜಗಲಿಯಲ್ಲಿ ಕುಳಿತು ಎಷ್ಟು ಹೂವು ಕಟ್ಟಿದ ಬೆರಳುಗಳು ಇವು — ಈಗ ಅದೇ ಬೆರಳುಗಳಲ್ಲಿ ಜಪಸರ, ಮಣಿ ಸರಿಯುತ್ತದೆ, ಮನಸ್ಸು ಮಾತ್ರ ಬಾಗಿಲಿನ ಕಡೆ, ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿರುವ ದುರ್ಗೇಶ ಬಂದನೋ ಇಲ್ಲವೋ. ತಿರುಗಿ ನೋಡಬಾರದು. ದೇವರು ಎದುರಿಗೆ ಇದ್ದಾರೆ, ಹಿಂದೆ ಎಂತ ಉಂಟು ಜೆರ್ಟಿ, ಎನ್ನುತ್ತಿದ್ದರು ಅಲೋಶಿಯಸ್, ಅವರಿಗೇನು, ಬಸ್ಸು ಓಡಿಸುವವರು, ಹಿಂದೆ ನೋಡಲಿಕ್ಕೆ ಕನ್ನಡಿ ಇತ್ತು. ಈಗ ಅವರು ಇಗರ್ಜಿಯ ಹಿತ್ತಿಲಿನ ಮಣ್ಣಿನಲ್ಲಿ, ಒಂದು ವರ್ಷ ದಾಟಿತು. ಪಾದ್ರಿಗಳ ಸ್ವರ ಏರುತ್ತದೆ, ಇಳಿಯುತ್ತದೆ, ಜನ ಉತ್ತರ ಕೊಡುತ್ತಾರೆ, ಅವಳ ತುಟಿಯೂ ಕೊಡುತ್ತದೆ. ಏಳು ಗಂಟೆಗೆ ಬಸ್ಸು, ಇಗರ್ಜಿಯ ಕೆಳಗಿನ ತಿರುವಿನಲ್ಲೇ ನಿಲ್ಲುತ್ತದೆ, ಕಂಡಕ್ಟರ್ ಶೀನನಿಗೆ ಹೇಳಿಟ್ಟಿದ್ದಾನಂತೆ ಹುಡುಗ, ಪುಸ್ತಕದ ಪೆಟ್ಟಿಗೆ ಹಾಕಬೇಕು ಎಂದು, ಮಣಿಪಾಲದಲ್ಲಿ ಬೇರೆ ಕೋಣೆ ಸಿಕ್ಕಿತಂತೆ — ಹೋಗು ಎಂದವಳು ತಾನೇ, ಹೋಗಬೇಡ ಎನ್ನಲಿಕ್ಕೆ ಈಗ ನಾಲಿಗೆ ಏಳುವುದಿಲ್ಲ, ನಾಲಿಗೆ ಏಳದವಳು ಮಾಡಿದ್ದೇನೆಂದರೆ ಇಗರ್ಜಿಯ ಆಳು ಡೆನಿಸನ ಹತ್ತಿರ ಹೋಗಿ ಇವತ್ತಿನ ಪೂಜೆಗೆ ಎರಡು ಹೆಸರು ಕೊಟ್ಟು ಬಂದದ್ದು. ಅಲೋಶಿಯಸ್, ಸರಿ ಬಾಯಿ, ಇದು ಯಾರು ರೇವಪ್ಪ, ಎಂದ ಡೆನಿಸ್. ಕ್ರಿಸ್ತಾಂವ ಅಲ್ಲ ಅಲ್ವಾ? ಸತ್ತವರು ಡೆನಿಸ್, ಸತ್ತವರಿಗೂ ಜಾತಿ ಕೇಳುತ್ತೀಯಾ? ಹಾಗಲ್ಲ ಬಾಯಿ, ಫಾದರ್ ಕೇಳಿದರೆ ಎಂತ ಹೇಳಲಿ, ನಿಮ್ಮ ಕಡೆಯವರಾ? ಹೌದು, ನನ್ನ ಕಡೆಯವರು. ಹೇಳಿದ ಮೇಲೆ ತನಗೇ ಆಶ್ಚರ್ಯ. ದುರ್ಗೇಶನ ಅಪ್ಪ ರೇವಪ್ಪನನ್ನು ಅವಳು ಕಂಡದ್ದು ಒಂದೇ ಸಲ, ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೆಮ್ಮುತ್ತಿದ್ದ, ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ, ಮಗನನ್ನು ನೋಡಿಕೊಳ್ರಿ ಅಮ್ಮಾರ ಎಂದ, ಅಷ್ಟೇ.

ನೋಡಿಕೊಂಡಳು. ಕೊಪ್ಪಳದ ಕಡೆಯವರು, ಅಪ್ಪ ಇಟ್ಟಿಗೆ ಹೊತ್ತು ಎಬ್ಬಿಸಿದ ಮಣಿಪಾಲದ ಕಟ್ಟಡದಲ್ಲೇ ಮಗ ಲಿಫ್ಟ್ ನಡೆಸುತ್ತಾನೆ, ಸ್ಟೂಲಿನ ಮೇಲೆ ಕುಳಿತು ದಿನವಿಡೀ ಮೇಲೆ ಕೆಳಗೆ, ತೊಡೆಯ ಮೇಲೆ ಪುಸ್ತಕ, ಅಂಚೆಯಲ್ಲಿ ಪಾಠ ತರಿಸಿಕೊಂಡು ಎಂ.ಎ., ಅದೂ ಬೌದ್ಧ ಧರ್ಮದಲ್ಲಿ. ಅದನ್ನು ಕಲಿತರೆ ಎಂತ ಕೆಲಸ ಸಿಗುತ್ತದೆ ಮಾರಾಯ? ಕೆಲಸ ಐತಲ್ರಿ ಬಾಯಮ್ಮ, ಲಿಫ್ಟು. ಕಾರ್ಕಳದ ಗುಡ್ಡದ ಮೇಲೆ ನಿಂತಿರುವುದು ನಿನ್ನ ಬುದ್ಧನೇ ಅಲ್ವಾ, ಎಂದು ಅವಳು ಕೇಳಿದ್ದು, ಅದು ಗೊಮ್ಮಟ್ರೀ ಬಾಯಮ್ಮ, ಜೈನರದು, ನಮ್ಮ ಬುದ್ಧಗ ಮೈ ತುಂಬ ಅರಿವಿ ಐತಿ, ಎಂದು ಅವನು ನಾಚಿಕೊಂಡು ಹೇಳಿದ್ದು, ಅಲೋಶಿಯಸರ ಮೂಗಿಗೆ ಚಹಾ ಏರುವಷ್ಟು ನಗು — ಇಷ್ಟು ವರ್ಷ ನಾನು ಕಾರ್ಕಳಕ್ಕೆ ಬಸ್ಸು ಬಿಟ್ಟದ್ದು ದಂಡ, ಹೆಂಡತಿಗೆ ಗೊಮ್ಮಟ ಯಾರೆಂದು ಗೊತ್ತಿಲ್ಲ! ಆ ನಗು ಇನ್ನೂ ಮಾಡಿನ ಹಂಚಿನ ಸಂದಿಯಲ್ಲಿ ಎಲ್ಲೋ ಉಂಟು. ಬಂಗುಡೆ ಸಾರು ಮಾಡಿದ ದಿನ, ಮೀನು ಆಗುತ್ತದಾ ನಿನ್ನ ಬುದ್ಧನ ಲೆಕ್ಕದಲ್ಲಿ? ಭಿಕ್ಷುಗಳು ಬಟ್ಟಲಿಗೆ ಹಾಕಿದ್ದು ಉಣಬೇಕಂತರಿ. ಹಾಗಾದರೆ ಬಟ್ಟಲು ತಾ. ತಂದ, ದೊಡ್ಡ ಬಟ್ಟಲನ್ನೇ ತಂದ, ಕಳ್ಳ. ಮಕ್ಕಳಿಲ್ಲದ ಮನೆ, ಅಲೋಶಿಯಸರ ಪೆಟ್ಟಿಗೆಗೆ ಮುಂದಿನಿಂದ ಹೆಗಲು ಕೊಟ್ಟವನು ಇವನು, ಇಗರ್ಜಿಯ ಬಾಗಿಲಿನವರೆಗೆ, ಅಲ್ಲಿ ಒಳಗೆ ಬರಬಹುದೋ ಬಾರದೋ ಎಂದು ನಿಂತುಬಿಟ್ಟ, ಬಾ ಎನ್ನಬೇಕಿತ್ತು, ಆ ದಿನ ಅವಳಿಗೆ ಕಣ್ಣೆಲ್ಲಿತ್ತು. ಮತ್ತೆ ಆ ಸಂಜೆ. ಸಂಜೆಯ ಪ್ರಾರ್ಥನೆ ಮುಗಿದಿತ್ತು, ಮೊಂಬತ್ತಿ ಉರಿಯುತ್ತಿತ್ತು, ಅವನು ಜಗಲಿಯಲ್ಲಿ ಪರೀಕ್ಷೆಗೆ ಓದುತ್ತಿದ್ದ, ಅವಳು ತಮಾಷೆಗೆ ಕೇಳಿದ್ದಲ್ಲ, ಕೇಳಲು ಬೇರೆ ಯಾರೂ ಇರಲಿಲ್ಲ, ಪಾದ್ರಿಗಳನ್ನು ಕೇಳಿದರೆ ನಂಬಿಕೆ ಇಡಿ ಎನ್ನುತ್ತಾರೆ, ಇಟ್ಟಿದ್ದಾಳೆ, ಆದರೂ — ದುರ್ಗೇಶ, ನಿನ್ನ ಪುಸ್ತಕದಲ್ಲಿ ನೋಡಿ ಹೇಳು, ನಮ್ಮವರ ಆತ್ಮ ಈಗ ಎಲ್ಲಿ ಉಂಟು? ಅವನು ತಲೆ ಎತ್ತಲಿಲ್ಲ. ಆತ್ಮ ಅನ್ನೋದ ಇಲ್ರೀ ಬಾಯಮ್ಮ. ಉಪ್ಪು ಇಲ್ಲ ಎಂದ ಹಾಗೆ. ಇಲ್ಲ! ಹಾಗಾದರೆ ಈ ಮೊಂಬತ್ತಿ ಯಾರಿಗೆ, ಈ ಜಪ ಯಾರಿಗೆ, ಕಾಪುವಿನ ದೀಪಸ್ತಂಭದ ಕೆಳಗೆ, ಮದುವೆಯಾದ ವಾರ, ಸೀರೆ ನೆನೆಯುತ್ತದೆ ಎತ್ತಿಕೊ ಎಂದು ಕೈ ಹಿಡಿದವರು ಎಲ್ಲಿಯೂ ಇಲ್ಲ? ಅವರಿಲ್ಲದ ಮನೆಯಲ್ಲಿ ನೀನೂ ಇರುವುದು ಬೇಡ, ಬೇರೆ ಕೋಣೆ ನೋಡಿಕೊ. ಹೇಳಿಯೇ ಬಿಟ್ಟಳು. ಎರಡು ದಿನ ಕಳೆದು ನೋಡುತ್ತಾಳೆ, ಕೋಣೆಗೆ ಬೀಗ.

ಹದಿನೈದು ದಿನ ಬೀಗವನ್ನೇ ನೋಡಿದಳು. ಆಮೇಲೆ ಒಂದು ಮಧ್ಯಾಹ್ನ ಗೇಟಿನ ಸದ್ದು, ಬೋಳು ತಲೆ, ನುಣ್ಣಗೆ ಬೋಳಿಸಿದ್ದು, ಎರಡು ಕಿವಿ ಮಗುವಿನವುಗಳ ಹಾಗೆ ಎದ್ದು ನಿಂತಿವೆ, ಅವಳ ಕೈಯ ತೆಂಗಿನ ಗೆರಟೆ ಕೆಳಗೆ ಬಿತ್ತು, ಅಯ್ಯೋ ನನ್ನ ದೇವರೇ, ನಾನು ಸಿಟ್ಟಿನಲ್ಲಿ ಹೇಳಿದ ಒಂದು ಮಾತಿಗೆ ಸನ್ಯಾಸಿ ಆಗಿಬಿಟ್ಟೆಯಾ ಮಾರಾಯ! ಬುದ್ಧನ ಮಠಕ್ಕೆ ಸೇರಿದೆಯಾ! ಅವನಿಗೆ ನಗು ಬಂತೋ ಅಳು ಬಂತೋ, ಮುಖ ಎರಡಕ್ಕೂ ಸಿದ್ಧವಾಯಿತು. ಇಲ್ರೀ ಬಾಯಮ್ಮ. ಅಪ್ಪ ಹೋದ. ಅವಳು ಮೆಟ್ಟಿಲ ಮೇಲೆ ಕುಳಿತಳು, ಅವನೂ ಕುಳಿತ. ನೀನು ಇದನ್ನೆಲ್ಲ ನಂಬುವುದಿಲ್ಲವಲ್ಲ, ತಲೆ ಯಾಕೆ ಕೊಟ್ಟೆ? ಅವ್ವ ಅಳಾಕತ್ತಿದ್ಲು, ಬೋಳಿಸ್ಕೋ ಅಂದ್ಲು, ಕುಂತೆ. ಅಕಿ ಮುಂದ ಪಾಠ ಹೇಳಾಕ ಆಗತೈತೇನ್ರಿ. ಹಾಗೆಂದವನು ತಟ್ಟನೆ ನಿಲ್ಲಿಸಿದ, ಅವಳ ಮುಖ ನೋಡಿದ, ಅವಳೂ ನೋಡಿದಳು, ನನ್ನ ಮುಂದೆ ಮಾತ್ರ ಹೇಳಿದೆ ಅಲ್ವಾ ಎಂದು ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ, ಅವನೇ ಹೇಳಿದ — ಬುದ್ಧನ ಹಂತೇಕ ಒಬ್ಬ ಬಂದಿದ್ದರಿ, ಆತ್ಮ ಐತೇನು ಅಂದ, ಬುದ್ಧ ಸುಮ್ಕ ಕುಂತ. ಹಂಗಾರ ಇಲ್ಲೇನು ಅಂದ, ಆಗೂ ಸುಮ್ಕ. ಅವ ಎದ್ದು ಹೋದ. ಯಾಕ ಹೇಳ್ಲಿಲ್ಲ ಅಂತ ಶಿಷ್ಯ ಕೇಳಿದ್ರ, ಅವ ಮೊದಲ ಗಾಬರಿ ಆದವ, ಇಲ್ಲ ಅಂದ್ರ ಇದ್ದದ್ದೂ ಹೋತಲ್ಲ ಅಂತ ಇನ್ನಷ್ಟು ಗಾಬರಿ ಆಗ್ತಿದ್ದ, ಅಂದನಂತ. ಆ ಪಾಠ ಹೋದ ವರ್ಷದ ಪರೀಕ್ಷಾದಾಗ ಚಂದಗೆ ಬರದು ಬಂದೆ ಬಾಯಮ್ಮ, ನಿಮ್ಮ ಮುಂದ ಮರತಿದ್ದೆ. ಅಷ್ಟು ಹೇಳಿದ, ಆದರೂ ಪೆಟ್ಟಿಗೆ ಕಟ್ಟಿದ, ಅವಳ ಮಾತನ್ನು ಅವಳೇ ಹಿಂದೆ ತೆಗೆದುಕೊಳ್ಳದೆ ಅವನು ಹೇಗೆ ಉಳಿದಾನು, ಮಾನ ಇರುವ ಹುಡುಗ. ನಿನ್ನೆ ಸಂಜೆ ಬಾಗಿಲಿನಲ್ಲಿ ನಿಂತು, ಇರು ಎನ್ನಲು ಹೋದವಳು ಹೇಳಿದ್ದು, ನಾಳೆ ಆರೂವರೆಯ ಪೂಜೆ ನಿನ್ನ ಅಪ್ಪನ ಹೆಸರಿನಲ್ಲಿ. ನಮ್ಮಪ್ಪ ಹುಲಿಗೆಮ್ಮನ ಒಕ್ಕಲ್ರಿ ಬಾಯಮ್ಮ. ಇರಲಿ, ನಮ್ಮ ಮರಿಯಮ್ಮನೂ ತಾಯಿಯೇ ಅಲ್ವಾ. ಅವನು ಒಳಗೆ ಹೋದ, ಹಗ್ಗ ಬಿಗಿಯುವ ಸದ್ದು. ಯೇಸುವೇ, ತಪ್ಪು ಮಾಡಿದೆನಾ, ಆತ್ಮ ಇಲ್ಲ ಎಂದು ಓದಿದವನ ಅಪ್ಪನ ಆತ್ಮಕ್ಕೆ ಶಾಂತಿ ಕೇಳಿದೆನಲ್ಲ, ಅವನು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದೆನಾ, ಕೇಳದೆ, ತಲೆ ಎತ್ತಿ ಅವನ ಮುಖ ನೋಡದೆ.

ಎಲ್ಲರೂ ಮೊಣಕಾಲೂರಿದ್ದಾರೆ, ಅವಳೂ ಊರಿದ್ದಾಳೆ, ಗಂಟು ನೋಯುತ್ತದೆ, ನೋಯಲಿ, ಈಗ ಸತ್ತವರ ಪ್ರಾರ್ಥನೆ, ಪಾದ್ರಿಗಳು ಒಂದು ಕ್ಷಣ ತಡೆಯುತ್ತಾರೆ, ಅಲೋಶಿಯಸ್, ಎನ್ನುತ್ತಾರೆ, ಮತ್ತೆ ಹುಷಾರಾಗಿ, ಹೊಸ ಹೆಸರನ್ನು ಒಡೆಯದೆ ಇಳಿಸುವವರ ಹಾಗೆ, ರೇವಪ್ಪ. ಗೋಡೆಗಳೆಲ್ಲ ಕೇಳಿಸಿಕೊಂಡವು. ಬಸ್ಸಿನವರು, ಇಟ್ಟಿಗೆಯವರು, ಅಕ್ಕಪಕ್ಕ, ಎಲ್ಲಿದ್ದರೂ ಅಕ್ಕಪಕ್ಕ. ಕೆಳಗೆ ತಿರುವಿನಲ್ಲಿ ಬ್ರೇಕಿನ ಕಿರುಚು, ಶೀನನ ಗಂಟಲು, ಮಣಿಪಾಲ ಮಣಿಪಾಲ ಉಡುಪಿ — ಒಂದಿಷ್ಟು ಹೊತ್ತು ನಿಂತಿದೆ ಬಸ್ಸು, ಶೀನ ಕಾಯುತ್ತಿದ್ದಾನೆ, ಯಾರನ್ನು ಕಾಯುತ್ತಾನೆಂದು ಅವಳಿಗೆ ಗೊತ್ತು, ಉಸಿರು ಬಿಡದೆ ಕೇಳುತ್ತಾಳೆ, ಪೆಟ್ಟಿಗೆ ಏರಿಸುವ ಸದ್ದು ಬರುತ್ತದೋ, ಬರಲಿಲ್ಲ, ಸೀಟಿ ಬಂತು, ಬಸ್ಸು ಹೊರಟಿತು, ಸದ್ದು ಇಳಿಜಾರಿನಲ್ಲಿ ಕರಗಿತು. ಪರಲೋಕದ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಸೀರೆಗಳ ಸರಸರ, ಅವಳೂ ಬೆಂಚು ಹಿಡಿದು ಏಳುತ್ತಾಳೆ, ಎದ್ದವಳು, ಕ್ಷಮಿಸಿ ಅಲೋಶಿಯಸ್, ನನ್ನ ಹತ್ತಿರ ಕನ್ನಡಿ ಇಲ್ಲ, ತಿರುಗಿಯೇ ಬಿಡುತ್ತಾಳೆ. ಕೊನೆಯ ಬೆಂಚಿನ ಹಿಂದೆ, ಬಾಗಿಲಿನ ಒಳಗೆ, ಬರಿಗಾಲು. ಏಳಬೇಕೆಂದು ಅವನಿಗೆ ಗೊತ್ತಿಲ್ಲ, ಯಾರೂ ಹೇಳಿಕೊಟ್ಟಿಲ್ಲ, ಇಗರ್ಜಿಯೆಲ್ಲ ನಿಂತಿದೆ, ಅವನೊಬ್ಬ ನೆಲಕ್ಕೆ ಮೊಣಕಾಲೂರಿ ಬಗ್ಗಿದ್ದಾನೆ. ನಮ್ಮ ತಂದೆಯೇ, ಎನ್ನುತ್ತದೆ ಇಗರ್ಜಿ, ಅವಳ ತುಟಿ ನಮ್ಮ ಎನ್ನುವಲ್ಲಿ ನಿಂತಿದೆ, ನಿಂತ ಅಷ್ಟೂ ಜನರ ನಡುವೆ, ಕೆಳಗೆ, ಆ ತಲೆ, ಎಳ್ಳಿನಷ್ಟು ಹೊಸ ಕೂದಲು ಮೂಡಿದ ಆ ತಲೆ.