ಮರದ ಸೊಂಟದ ಸರಪಳಿ

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಸೈಕಲ್ ರಿಪೇರಿ ಅಂಗಡಿ ಇದೆ. ಅಂಗಡಿ ಎಂದರೆ ಒಂದು ತಗಡಿನ ಗೂಡು, ಗಾಳಿ ಹೊಡೆಯುವ ಪಂಪು, ಪಂಕ್ಚರ್ ನೋಡಲು ನೀರು ತುಂಬಿದ ಬೋಗುಣಿ, ಇವೆಲ್ಲದರ ಮೇಲೆ ಕೊಡೆ ಹಿಡಿದಂತೆ ನಿಂತ ಒಂದು ದೊಡ್ಡ ಮರ. ಅಂಗಡಿಯವನನ್ನು ಎಲ್ಲರೂ ಕರೆಯುವುದು ಗಾಳಿಯಣ್ಣ ಎಂದು. ಅವನ ಹೆಂಡತಿ ಅದೇ ನೆರಳಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಸೀಟಿನ ಕವರ್, ಚೀಲ ಹೊಲಿಯುತ್ತಾಳೆ. ಇಬ್ಬರ ದುಡಿಮೆಯೂ ಆ ಮರದ ಕೆಳಗೇ.

ಒಂದೆರಡು ವರ್ಷದ ಹಿಂದೆ ಆ ನೆರಳಿಗೆ ತೂತು ಬಿದ್ದಿತ್ತು. ಎಲೆಗಳು ಚಿಕ್ಕದಾಗಿ ಬರುತ್ತಿದ್ದವು, ತುದಿಯ ಕೊಂಬೆಗಳು ಒಣಗುತ್ತಿದ್ದವು. ಮಧ್ಯಾಹ್ನದ ಬಿಸಿಲು ನೇರ ಮಿಷನ್ ಮೇಲೆ ಬೀಳುತ್ತಿತ್ತು. ಒಂದು ದಿನವಂತೂ ಒಣಕೊಂಬೆಯೊಂದು ಮುರಿದು ಹೆಂಡತಿಯ ಸ್ಟೂಲಿನ ಮೇಲೇ ಬಿತ್ತು. ದಾರ ತರಲು ಅವಳು ಆಗಷ್ಟೇ ಎದ್ದು ಹೋಗಿದ್ದಳು. ಗಾಳಿಯಣ್ಣ ಮರ ಕಡಿಯುವವನಿಗೆ ಆವತ್ತೇ ಹೇಳಿಬಿಟ್ಟ.

ಹೆಂಡತಿಗೆ ಮನಸ್ಸು ಒಪ್ಪಲಿಲ್ಲ. ಸಸಿ ಬೆಳೆಸುವ ನರ್ಸರಿಯಲ್ಲಿ ಕೆಲಸ ಮಾಡುವ ತಂಗಿಯನ್ನು ಕರೆಸಿದಳು. ಮರ ಕಡಿಯುವವನು ಬರುವ ಹಿಂದಿನ ದಿನ ಅವಳು ಬಂದಳು.

"ಏನ್ ಭಾವ, ಇಷ್ಟು ವರ್ಷ ನೆರಳು ಕೊಟ್ಟಿದ್ದಕ್ಕೆ ಕೊಡಲಿ ಸನ್ಮಾನನಾ?"

"ಬುದ್ಧಿ ಹೇಳೋಕೆ ನೀನೊಬ್ಳು ಬಾಕಿ ಇದ್ದೆ ನೋಡು," ಎಂದ ಗಾಳಿಯಣ್ಣ. "ನಾನೇನ್ ಕಮ್ಮಿ ಮಾಡಿದೀನಿ ಇದಕ್ಕೆ? ಕೊಡಗಟ್ಟಲೆ ನೀರು, ಮೂಟೆಗಟ್ಟಲೆ ಗೊಬ್ಬರ. ಬುಡದಲ್ಲೇ ಊಟ ಬಿದ್ದಿದ್ರೂ ಒಣಗ್ತೀನಿ ಅಂತ ಹಟ ಹಿಡಿದ್ರೆ ನಾನೇನ್ ಮಾಡ್ಲಿ?"

"ಗೊಬ್ಬರ ಊಟ ಅಂತ ನಿಮಗ್ಯಾರು ಹೇಳಿದ್ದು?"

"ಇನ್ನೇನು ಮತ್ತೆ? ಮರ ಮಣ್ಣು ತಿಂದೇ ಬೆಳೆಯೋದು. ಚಿಕ್ಕ ಮಕ್ಕಳಿಗೂ ಗೊತ್ತು."

"ಹಾಗಾದ್ರೆ ಇಷ್ಟು ದೊಡ್ಡ ಮರ ತಿಂದ ಮಣ್ಣಿಗೆ ಇಲ್ಲೊಂದು ಬಾವಿಯಷ್ಟು ಗುಂಡಿ ಬಿದ್ದಿರಬೇಕಿತ್ತು. ಎಲ್ಲಿ, ತೋರಿಸಿ ನೋಡೋಣ?"

ಗಾಳಿಯಣ್ಣ ಬುಡದತ್ತ ನೋಡಿದ. ಗುಂಡಿ ಇರಲಿಲ್ಲ. ಬೇರುಗಳೇ ನೆಲವನ್ನು ಒಂದಿಷ್ಟು ಮೇಲೆತ್ತಿದ್ದವು. ಹೆಂಡತಿ ಹೊಲಿಯುತ್ತಿದ್ದ ಬಟ್ಟೆಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ನಾದಿನಿ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದಳು. "ಮರದ ಅಡುಗೆಮನೆ ಇರೋದು ಇಲ್ಲಿ. ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅದರಿಂದ ಗಾಳಿ ಒಳಗೆ ಹೋಗುತ್ತೆ. ಆ ಗಾಳೀಲಿರೋ ಇಂಗಾಲದ ಡೈಆಕ್ಸೈಡು, ಬೇರಿಂದ ಬಂದ ನೀರು, ಎರಡನ್ನೂ ಸೇರಿಸಿ ಬಿಸಿಲಿನ ಶಕ್ತಿಯಿಂದ ಎಲೆ ಸಕ್ಕರೆ ಮಾಡುತ್ತೆ. ಅದೇ ಊಟ. ನಾವು ಉಸಿರಾಡೋ ಆಮ್ಲಜನಕ ಆ ಅಡುಗೇಲಿ ಹೊರಗೆ ಬಿಟ್ಟಿದ್ದು. ಗೊಬ್ಬರ ಅಂದ್ರೆ ಉಪ್ಪಿದ್ದ ಹಾಗೆ. ಬೇಕು, ಆದ್ರೆ ಬರೀ ಉಪ್ಪು ತಿಂದು ಯಾರ ಹೊಟ್ಟೆ ತುಂಬುತ್ತೆ? ಜಾಸ್ತಿ ಸುರಿದ್ರೆ ಬೇರುಗಳೇ ಸುಟ್ಟುಹೋಗುತ್ತೆ."

"ಅಂದ್ರೆ ಗಾಳಿ ಮೇಲೇ ಬದುಕುತ್ತೆ ಅಂತೀಯ?"

"ನಿಮ್ಮ ಹಾಗೇ ಭಾವ."

ಗಾಳಿಯಣ್ಣನಿಗೂ ನಗು ಬಂತು. ಆದರೆ ನಾದಿನಿಯ ಮುಂದೆ ಅಷ್ಟು ಸುಲಭಕ್ಕೆ ಸೋಲುವ ಆಸಾಮಿ ಅವನಲ್ಲ. "ಸರಿ, ನೀರು ಅಷ್ಟು ಎತ್ತರಕ್ಕೆ ಹೋಗೋದು ಹೇಗೆ? ಪಂಪು ಹೊಡೆಯೋರು ಯಾರು?"

"ಯಾರೂ ಹೊಡೆಯಲ್ಲ, ಮೇಲಿಂದ ಎಳೆಯೋದು. ಎಲೆಯ ತೂತುಗಳಿಂದ ನೀರು ಆವಿಯಾಗ್ತಾನೇ ಇರುತ್ತೆ. ಹೋದಷ್ಟನ್ನೂ ಎಲೆ ಕೆಳಗಿಂದ ಎಳ್ಕೊಳ್ಳುತ್ತೆ. ಒಳಗಿನ ಕಟ್ಟಿಗೆಯಲ್ಲಿ ತೀರಾ ಸಣ್ಣ ಕೊಳವೆಗಳಿವೆ. ಬೇರು ಹೀರಿದ ನೀರು, ಗೊಬ್ಬರದ ಸಾರ, ಎರಡೂ ಅದರಲ್ಲೇ ಹತ್ತೋದು. ಎಲೆ ಮಾಡಿದ ಊಟ ಇಳಿಯೋ ದಾರಿ ಬೇರೆ. ಅದು ತೊಗಟೆಯ ಒಳಮೈ. ಬೇರು ಕತ್ತಲಲ್ಲಿ ಕೂತಿರುತ್ತೆ, ತಾನೇ ಬೇಯಿಸ್ಕೊಳ್ಳೋಕೆ ಆಗಲ್ಲ. ಮೇಲಿಂದ ಬಂದ್ರೆ ಉಂಟು, ಇಲ್ಲಾಂದ್ರೆ ಉಪವಾಸ."

ಹೇಳುತ್ತಾ ಮರದ ಸುತ್ತ ಬಂದವಳ ಕೈ ಒಂದು ಕಡೆ ನಿಂತಿತು. ಸೊಂಟದೆತ್ತರದಲ್ಲಿ ಕಬ್ಬಿಣದ ಸರಪಳಿ ಇತ್ತು. ರಿಪೇರಿಗೆ ಬಂದ ಸೈಕಲ್‌ಗಳನ್ನು ಯಾರೂ ಹೊತ್ತೊಯ್ಯದಿರಲಿ ಎಂದು ಮರ ತೆಳ್ಳಗಿದ್ದಾಗ ಗಾಳಿಯಣ್ಣನೇ ಬಿಗಿದಿದ್ದು. ಮರ ದಪ್ಪವಾಗುತ್ತಾ ಹೋದಂತೆ ಅದು ತೊಗಟೆಯೊಳಗೆ ಹೂತುಹೋಗಿತ್ತು. ಅಂಗಡಿಯ ಕಡೆಗೆ, ಬೀಗ ನೇತಾಡುವಲ್ಲಿ ಮಾತ್ರ ಒಂದು ಗೇಣಿನಷ್ಟು ಹೊರಗಿತ್ತು. ಹೂತ ಸರಪಳಿಯ ಮೇಲ್ಗಡೆ ಮರ ದಿಂಬಿನ ಹಾಗೆ ಉಬ್ಬಿತ್ತು.

"ಅದು ನನ್ನ ಮರದ ಹೊಟ್ಟೆ," ಗಾಳಿಯಣ್ಣ ಹೆಮ್ಮೆಯಿಂದ ತಟ್ಟಿದ. "ಹೇಗೆ ಅಪ್ಪಿಕೊಂಡಿದೆ ನೋಡು. ಇವತ್ತಿನವರೆಗೆ ಒಂದು ಸೈಕಲ್ ಕಳುವಾಗಿಲ್ಲ."

"ಭಾವ, ಹಳೇ ಟ್ಯೂಬಿನ ತುಂಡಿಗೆ ಒಂದು ತುದಿಯಿಂದ ಗಾಳಿ ತುಂಬ್ತಾ ಮಧ್ಯದಲ್ಲಿ ಬಿಗಿಯಾಗಿ ಹಿಚುಕಿದ್ರೆ ಯಾವ ಕಡೆ ಉಬ್ಬುತ್ತೆ?"

"ಗಾಳಿ ಬರೋ ಕಡೆ. ನನ್ನ ಹತ್ರ ಇದನ್ನೂ ಕೇಳ್ತೀಯಾ?"

ನಾದಿನಿ ಸರಪಳಿಯ ಮೇಲಿನ ಉಬ್ಬಿನತ್ತ ಬೆರಳು ತೋರಿಸಿದಳು. ಗಾಳಿಯಣ್ಣ ಉಬ್ಬನ್ನು ನೋಡಿದ. ಸರಪಳಿಯ ಕೆಳಗೆ ಕೈಯಾಡಿಸಿದ. ಅಲ್ಲಿ ಮರ ಸೊರಗಿತ್ತು. ಊಟ ಮಣ್ಣಿನಿಂದ ಬರುವುದಾದರೆ ಕೆಳಗೆ ಉಬ್ಬಬೇಕಿತ್ತು. ಇಲ್ಲಿ ಉಬ್ಬಿದ್ದು ಮೇಲೆ. ಅವನ ಮುಖ ಸಣ್ಣದಾಯಿತು.

"ಅಯ್ಯೋ, ಊಟ ಇಳಿಯೋ ದಾರಿಗೇ ಬೀಗ ಹಾಕಿಬಿಟ್ಟಿದೀನಿ," ಎಂದ.

"ಪೂರ್ತಿ ಮುಚ್ಚಿಲ್ಲ ಭಾವ. ಸರಪಳಿ ಹೊರಗಿರೋ ಈ ಗೇಣಗಲ ತೊಗಟೆಯಲ್ಲಿ ಇನ್ನೂ ದಾರಿ ಇದೆ. ಅದಕ್ಕೇ ಜೀವ ಹಿಡ್ಕೊಂಡಿದೆ."

"ಮತ್ತೆ ಮೊನ್ನೆ ಮೊನ್ನೆವರೆಗೂ ಹಸಿರಾಗೇ ಇತ್ತಲ್ಲೇ?" ಹೆಂಡತಿ ಕೇಳಿದಳು.

"ನೀರಿನ ದಾರಿ ಒಳಗಿದೆಯಲ್ಲಕ್ಕ, ಸರಪಳಿ ಅದನ್ನು ಮುಟ್ಟಲ್ಲ. ಮೇಲೆ ಎಲೆ ಹಸಿರಾಗಿರುತ್ತೆ, ಕೆಳಗೆ ಬೇರು ಹಸಿದಿರುತ್ತೆ. ಬೇರು ಸೋತ ಮೇಲೆ ನೀರೂ ಕಮ್ಮಿಯಾಗುತ್ತೆ. ಆವಾಗ ನಮ್ಮ ಕಣ್ಣಿಗೆ ಬೀಳೋದು."

ಗಾಳಿಯಣ್ಣನಿಗೆ ನಿಜಕ್ಕೂ ದುಃಖವಾಯಿತು. ಇಷ್ಟು ದಿನ ಒಂದು ಕೈಯಲ್ಲಿ ನೀರು ಕೊಟ್ಟು ಇನ್ನೊಂದು ಕೈಯಲ್ಲಿ ಕತ್ತು ಹಿಸುಕಿದ ಹಾಗಾಯಿತಲ್ಲ ಎಂದು ಹೆಂಡತಿಯ ಹತ್ತಿರ ಮತ್ತೆ ಮತ್ತೆ ಹೇಳಿಕೊಂಡ.

ಮರುದಿನ ಮರ ಕಡಿಯುವವನು ಕೊಡಲಿ ಹೆಗಲಿಗೇರಿಸಿಕೊಂಡು ಬಂದ. "ಎಲ್ಲಿಂದ ಶುರು ಮಾಡ್ಲಿ ಗಾಳಿಯಣ್ಣ?"

"ಒಣಕೊಂಬೆಯಿಂದ ಶುರು ಮಾಡು, ಅಲ್ಲಿಗೇ ಮುಗಿಸು. ಬುಡಕ್ಕೆ ಕೈ ಹಚ್ಚಿದ್ಯೋ, ಜೋಕೆ!"

ಅವನು ಮೇಲೆ ಹತ್ತಿದ. ಗಾಳಿಯಣ್ಣ ಕೆಳಗೆ ಕೂತು ಕಬ್ಬಿಣ ಕೊಯ್ಯುವ ಗರಗಸದಿಂದ ತನ್ನ ಸರಪಳಿಯನ್ನು ತಾನೇ ಕೊಯ್ದ. ಹೂತ ಕೊಂಡಿಗಳನ್ನೂ ಎಳೆಯಲು ಹೋದಾಗ ಅಕ್ಕನ ಮನೆಯಲ್ಲೇ ಉಳಿದಿದ್ದ ನಾದಿನಿ ಕೈ ಹಿಡಿದಳು. "ಸಲೀಸಾಗಿ ಬರೋದನ್ನ ತೆಗೀರಿ ಸಾಕು. ಕಿತ್ರೆ ತೊಗಟೆಯೂ ಕಿತ್ತುಬರುತ್ತೆ. ಬಿಗಿ ಬಿಟ್ಟಿತಲ್ಲ, ಇನ್ನು ಉಳಿದಿರೋ ದಾರಿ ಅಗಲ ಆಗೋಕೆ ಮರಕ್ಕೆ ಟೈಮ್ ಕೊಡಿ. ಗೊಬ್ಬರದ ಮೂಟೆ ಮಾತ್ರ ದೂರ ಇಡಿ."

ಆ ವರ್ಷ ದೊಡ್ಡ ಬದಲಾವಣೆ ಕಾಣಲಿಲ್ಲ. ಮುಂದಿನ ಚಿಗುರಿಗೆ ಎಲೆಗಳು ಅಂಗೈಯಗಲ ಬಂದವು. ಬಿಸಿಲು ಮಿಷನ್ ಬಿಟ್ಟು ರಸ್ತೆಗೆ ಇಳಿಯಿತು. ಸೈಕಲ್‌ಗಳಿಗೆ ಈಗ ಗಾಳಿಯಣ್ಣ ನೆಲದಲ್ಲಿ ಒಂದು ಕಬ್ಬಿಣದ ಕಂಬ ಹುಗಿದಿದ್ದಾನೆ. ಯಾರಾದರೂ ಮರಕ್ಕೆ ಹಗ್ಗ ಬಿಗಿಯಲು ಬಂದರೆ ಸಾಕು, ಕೈಲಿರುವ ಕೆಲಸ ಬಿಟ್ಟು ಎದ್ದು ಬರುತ್ತಾನೆ. "ಕಂಬಕ್ಕೆ ಕಟ್ರಪ್ಪ, ಅದಕ್ಕೆ ಊಟ ಬೇಕಾಗಿಲ್ಲ!"

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಮ್ಮೆ ಎದ್ದು ನಿಮ್ಮ ಬೀದಿಯ ಮರದ ಸುತ್ತ ಬನ್ನಿ. ಬೋರ್ಡಿನ ತಂತಿ, ಬಟ್ಟೆ ಒಣಗಿಸುವ ಹಗ್ಗ, ಸಸಿಯಾಗಿದ್ದಾಗ ಕಟ್ಟಿ ಮರೆತ ದಾರ, ಯಾವುದಾದರೂ ತೊಗಟೆಯನ್ನು ಕಚ್ಚಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಮೊಳೆ ಹೊಡೆಯಬೇಡಿ, ತೊಗಟೆ ಸುಲಿಯಬೇಡಿ. ಸಸಿಗೆ ಆಸರೆ ಬೇಕಾದರೆ ಬಟ್ಟೆಯ ತುಂಡಿನಿಂದ ಸಡಿಲವಾಗಿ ಕಟ್ಟಿ, ಅದು ದಪ್ಪವಾದಂತೆ ಬಿಚ್ಚಿ. ತಂತಿಯೋ ಹಗ್ಗವೋ ಆಳಕ್ಕೆ ಹೂತಿದ್ದರೆ ಗಿಡಮರ ಬಲ್ಲವರನ್ನು ಕರೆದು ತೋರಿಸಿ. ಎಲೆ ಹಸಿರಾಗೇ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಗಾಳಿಯಣ್ಣನೂ ಹಾಗೇ ಅಂದುಕೊಂಡಿದ್ದ.