ಓಡಬ್ಯಾಡ

ರೋಸ್ ಸಿದ್ದಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಕೈಯಲ್ಲಿದ್ದ ಸೌಟನ್ನೇ ಲಾಠಿ ಮಾಡಿಕೊಂಡು ಮಗಳನ್ನು ತಡೆದಳು.

"ಏಯ್, ನಿಲ್ಲು. ಯಾವ ದೇಶದಕಿ ನೀ? ಪಾಸ್‌ಪೋರ್ಟ್ ತೆಗಿ."

"ವಾದಿ ಕಬೀರ್ ದೇಶ ಸರ್. ಪಾಸ್‌ಪೋರ್ಟ್ ಫ್ರಿಜ್‌ನಾಗ ಐತಿ," ಎಂದು ಫ್ಲಾವಿಯಾ, ಒಮಾನಿನಲ್ಲಿ ತಾವಿರುವ ಬಡಾವಣೆಯನ್ನೇ ದೇಶ ಮಾಡಿ, ಕಿಸಕ್ಕನೆ ನಕ್ಕಳು.

ರೋಸ್‌ಗೆ ನಗು ಬರಲಿಲ್ಲ. ಹನ್ನೆರಡನೇ ಕ್ಲಾಸು ಮುಗಿಸಿದ ಈ ಹುಡುಗಿ ಇನ್ನು ಕೆಲವೇ ವಾರಗಳಲ್ಲಿ ಡಿಗ್ರಿ ಓದಲು ಬೆಂಗಳೂರಿಗೆ ಹೊರಟವಳು. ಅಲ್ಲಿ ಯಾರಾದರೂ ತಡೆದು ಕೇಳಿದರೆ ಹೇಗೆ ನಡೆದುಕೊಳ್ಳಬೇಕೆಂದು ತಾಯಿ ದಿನವೂ ಪಾಠ ಮಾಡುತ್ತಿದ್ದಳು. ಕೈ ಜೇಬಿನಿಂದ ಹೊರಗಿರಲಿ, ದನಿ ಏರಿಸಬೇಡ, ಮೊದಲ ಮಾತೇ ಕನ್ನಡದಲ್ಲಿರಲಿ, ಆಧಾರ್ ಕಾರ್ಡನ್ನು ಮನೆಯಲ್ಲಿ ಬಿಟ್ಟು ಹೋಗಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ರಸ್ತೆಯಲ್ಲಿ ಓಡಬೇಡ.

ಈ ಕೊನೆಯ ಮಾತನ್ನು ಹೇಳುತ್ತಿರುವವಳು ಯಾರು ನೋಡಿ! ಇಂಡಿಯನ್ ಸ್ಕೂಲೊಂದರ ಪಿ.ಟಿ. ಟೀಚರು. ಮೈದಾನದಲ್ಲಿ ನಿಂತು "ಓಡ್ರಿ, ಓಡ್ರಿ" ಎಂದು ಕೂಗಿ ಕೂಗಿಯೇ ಗಂಟಲು ಕೆಡಿಸಿಕೊಂಡವಳು. ಹಳಿಯಾಳದ ಕಾಡಂಚಿನ ಕೇರಿಯಿಂದ ಬೆಂಗಳೂರಿನ ಕ್ರೀಡಾ ಹಾಸ್ಟೆಲ್ಲಿಗೆ, ಅಲ್ಲಿಂದ ಒಮಾನಿಗೆ ಅವಳನ್ನು ತಂದು ಮುಟ್ಟಿಸಿದ್ದೇ ಓಟ. ಗಂಡ ಸೊಹಾರ್ ಬಂದರಿನಲ್ಲಿ ಕ್ರೇನ್ ನಡೆಸುವವನು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಉಳಿದ ದಿನಗಳಲ್ಲಿ ತಾಯಿ-ಮಗಳಿಗೆ ಒಬ್ಬರಿಗೊಬ್ಬರೇ ಜೊತೆ. ಬಿಸಿಲೇರುವ ಮೊದಲು ಇಬ್ಬರೂ ಮತ್ರಾದ ಕಡಲ ದಂಡೆಯುದ್ದಕ್ಕೂ ಓಡಿ ಬರುತ್ತಿದ್ದರು. ಇತ್ತೀಚೆಗೆ ಮಗಳು ತಾಯಿಯನ್ನು ಹಿಂದೆ ಹಾಕತೊಡಗಿದ್ದಳು. ಆಗೆಲ್ಲ ರೋಸ್‌ಗೆ ಆಗುತ್ತಿದ್ದ ಹಿಗ್ಗು ಇಷ್ಟಿಷ್ಟಲ್ಲ.

ಸಿದ್ದಿಗಳ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರು. ಆ ಬಣ್ಣ, ಆ ಗುಂಗುರು ಕೂದಲು ಒಮಾನಿನಲ್ಲಿ ಯಾರಿಗೂ ಹೊಸತಲ್ಲ. ಅಂಗಡಿಯವರು ಫ್ಲಾವಿಯಾಳನ್ನು ಇಲ್ಲಿಯ ಹುಡುಗಿಯೆಂದೇ ತಿಳಿದು ಅರಬಿಯಲ್ಲಿ ಮಾತಾಡಿಸುತ್ತಾರೆ. ದಂಡೆಯಲ್ಲಿ ಬಲೆ ಬಿಡಿಸುವ ಮುದುಕರು ಅವಳು ಓಡಿ ಬರುವುದನ್ನು ಕಂಡರೆ "ಯಲ್ಲಾ, ಯಲ್ಲಾ" ಎಂದು ಹುರಿದುಂಬಿಸುತ್ತಾರೆ. ಪರದೇಶದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಿನ್ನ ಸ್ವಂತ ದೇಶ ಕೇಳುತ್ತದೆ ಎಂದು ಮಗಳಿಗೆ ಹೇಳಲು ರೋಸ್‌ಗೆ ಸಂಕಟವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

"ಕಳ್ಳರು ಹೆದರಬೇಕು ಮಮ್ಮಿ. ನಾ ಯಾಕ ಹೆದರ್ಲಿ?" ಎಂದಳು ಫ್ಲಾವಿಯಾ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಸಿದ್ದಿಗಳ ವಿಷಯದಲ್ಲಿ ಆ ಗಾದೆ ನಡೆಯುವುದಿಲ್ಲ. ಇವರ ಹೆಗಲನ್ನು ಊರವರೇ ಬಂದು ಮುಟ್ಟಿ ನೋಡುತ್ತಾರೆ. ರೋಸ್ ಸೌಟು ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು.

"ನಾ ನಿನ್ನಷ್ಟ ಇದ್ದೆ. ಬೆಂಗಳೂರಾಗ ಒಂದಿನ ಬಸ್ ತಪ್ಪತೈತಿ ಅಂತ ಚೀಲ ಹಿಡಕೊಂಡು ಓಡಿದೆ. ಹಿಂದಿಂದ ಯಾರೋ 'ಹಿಡೀರಿ' ಅಂದ್ರು. ಅಷ್ಟ. ಮಂದಿ ಕೂಡಿ ನೆಲಕ್ಕ ಕೆಡವಿದ್ರು. ನಾ ಹಳಿಯಾಳದಾಕಿ ರೀ ಅಂತ ಒದರಿದೆ. 'ನೋಡ್ರೋ, ಈ ಆಫ್ರಿಕಾದೋಳು ಕನ್ನಡಾನೂ ಕಲ್ತವ್ಳೆ' ಅಂತ ನಕ್ಕರು. ಕೋಚ್ ಬರೋತನಕ ಪೊಲೀಸರು ಸ್ಟೇಷನ್‌ನಾಗ ಕೂಡಿಸಿದ್ರು."

ಫ್ಲಾವಿಯಾಳ ಮುಖದಲ್ಲಿದ್ದ ನಗು ಎಲ್ಲಿ ಹೋಯಿತೋ. "ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ಮೆಲ್ಲಗೆ ಕೇಳಿದಳು.

"ಹೇಳಿದ್ರ ನೀ ಓಡೋದ ಬಿಟ್ಟೀ ಅಂತ."

ಅಂದು ಸಂಜೆ ಇಬ್ಬರೂ ಮೇಲಿನ ಮಹಡಿಯ ಕಾಂತಾಮಣಿಯ ಮನೆಗೆ ಹೋದರು. ಮೈಸೂರಿನ ಕಾಂತಾಮಣಿ ಒಳ್ಳೆಯ ಹೆಂಗಸು. ಬೆಂಗಳೂರಿನ ಎರಡು ಪಿ.ಜಿ.ಗಳವರು ಫ್ಲಾವಿಯಾಳ ಫೋಟೊ ನೋಡಿದ್ದೇ ತಡ ರೂಮಿಲ್ಲ ಎಂದುಬಿಟ್ಟಿದ್ದರು. ಅಲ್ಲೇ ಇದ್ದ ಕಾಂತಾಮಣಿಯ ತಂಗಿಯ ಮನೆಯ ಮೇಲೆ ಒಂದು ರೂಮು ಖಾಲಿಯಿತ್ತು. ಅದೂ ಕೈತಪ್ಪಿದರೆ ಮಗಳನ್ನು ಎಲ್ಲಿ ಇಡುವುದು ಎಂಬ ಚಿಂತೆಯಲ್ಲೇ ರೋಸ್ ಸೋಫಾದ ತುದಿಯಲ್ಲಿ ಕೂತಳು.

"ಇವಳೇ ಕಣೇ ನಾನ್ ಹೇಳಿದ ಹುಡುಗಿ," ಎಂದು ಕಾಂತಾಮಣಿ ವಿಡಿಯೊ ಕಾಲ್‌ನಲ್ಲಿದ್ದ ಫೋನನ್ನು ತಿರುಗಿಸಿದಳು. ತಂಗಿಯ ಮುಖ ಒಂದು ಗಳಿಗೆ ಅಲುಗಾಡದೆ ನಿಂತಿತು. ನೆಟ್‌ವರ್ಕ್ ಮಾತ್ರ ಚೆನ್ನಾಗಿಯೇ ಇತ್ತು.

"ಅಕ್ಕಾ, ಕನ್ನಡದವರು ಅಂದ್ಯಲ್ಲೇ? ನಾವು ಫಾರಿನರ್ಸ್‌ಗೆಲ್ಲ ಕೊಡಲ್ಲ. ಆಮೇಲೆ ಪೊಲೀಸು ಗಿಲೀಸು..."

ಕಾಂತಾಮಣಿಗೆ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಅಷ್ಟರಲ್ಲಿ ಫ್ಲಾವಿಯಾ ಮುಂದೆ ಬಾಗಿ ಎರಡೂ ಕೈ ಜೋಡಿಸಿದಳು.

"ನಮಸ್ಕಾರ ಆಂಟಿ. ನಾನು ಫ್ಲಾವಿಯಾ ಸಿದ್ದಿ. ನಮ್ಮೂರು ಹಳಿಯಾಳ, ಉತ್ತರ ಕನ್ನಡ ಜಿಲ್ಲೆ. ನನ್ನ ಆಧಾರ್ ಕಾರ್ಡ್ ನಿಮ್ಮ ಅಕ್ಕನ ಹತ್ರ ಕಳಿಸ್ತೀನಿ."

ದನಿ ಏರಲಿಲ್ಲ, ಒಂದಕ್ಷರ ತಪ್ಪಲಿಲ್ಲ. ಇಷ್ಟು ದಿನ ನಕ್ಕು ಕೆಡಿಸುತ್ತಿದ್ದ ಪಾಠವನ್ನು ಹುಡುಗಿ ಇವತ್ತು ನೀರು ಕುಡಿದಷ್ಟು ಸುಲಭವಾಗಿ ಒಪ್ಪಿಸಿದಳು. ರೋಸ್‌ಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ.

"ಅಯ್ಯೋ, ಎಷ್ಟು ಮುದ್ದಾಗಿ ಕನ್ನಡ ಮಾತಾಡ್ತೀಯಮ್ಮಾ! ಸರಿ, ಬಾ. ಆದ್ರೆ ಅಕ್ಕ ಹೇಳಿದ್ಲು, ಬೆಳಬೆಳಗ್ಗೆ ಎದ್ದು ಓಡ್ತೀಯಂತೆ. ನಮ್ಮ ಬೀದೀಲಿ ಅದೊಂದು ಬೇಡ. ಜನ ಏನೋ ಅಂದ್ಕೊಂಡು ಗಾಬರಿ ಬೀಳ್ತಾರೆ."

ರೋಸ್ ಬಾಯಿ ತೆರೆದಳು. ಏನು ಹೇಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಮಗಳು ಅವಳಿಗಿಂತ ಮೊದಲು ಉತ್ತರ ಕೊಟ್ಟುಬಿಟ್ಟಳು.

"ಇಲ್ಲ ಆಂಟಿ, ನಾನು ಓಡಲ್ಲ."

ಕಾಂತಾಮಣಿ ನಿಟ್ಟುಸಿರು ಬಿಟ್ಟು, ರೂಮು ಸಿಕ್ಕ ಖುಷಿಗೆ ಇಬ್ಬರಿಗೂ ಕೇಸರಿಬಾತು ಹಾಕಿಕೊಟ್ಟಳು. ರೋಸ್ ತಿಂದಳು. ರುಚಿ ಏನೆಂದು ತಿಳಿಯಲಿಲ್ಲ.

ಮರುದಿನ ನಸುಕಿಗೆ ರೋಸ್ ಬೂಟಿನ ದಾರ ಕಟ್ಟಿಕೊಂಡು ಮಗಳ ಕೋಣೆಗೆ ಬಂದಳು. ಫ್ಲಾವಿಯಾ ಎಚ್ಚರವಾಗಿಯೇ ಇದ್ದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ್ದಳು.

"ಏಳು ಏಳು, ಬಿಸಲು ಬರತೈತಿ."

"ನೀ ಹೋಗಿ ಬಾ ಮಮ್ಮಿ."

"ಮೈಯಾಗ ಆರಾಮಿಲ್ಲೇನು?"

"ಆರಾಮದೀನಿ."

"ಮತ್ತ? ಇಲ್ಲಿ ಯಾರು ನಿನ್ನ ಹಿಡೀತಾರ? ಹೋಗಾಕ ಇನ್ನೂ ದಿನಾ ಅದಾವಲ್ಲ."

"ಗೊತ್ತೈತಿ," ಎಂದಳು ಫ್ಲಾವಿಯಾ. "ಈಗಿಂದನ ರೂಢಿ ಆಗ್ಲಿ ಅಂತ."

ರೋಸ್ ಮಂಚದ ಅಂಚಿಗೆ ಕುಸಿದು ಕೂತಳು. ತಡೆಯಲಾಗದೆ ಅತ್ತಳು. ಮಗಳು ಎದ್ದು ಕೂತು, ಅವಳ ಬೆನ್ನು ಸವರುತ್ತಾ ಹೇಳಿದಳು: "ಅಳಬ್ಯಾಡ ಮಮ್ಮಿ. ನೀ ಹೇಳಿಕೊಟ್ಟಿದ್ದು ಸರೀನ ಐತಿ."